ತೆರಿ ನಿಂದ್ರಲಿ

"ಸರ, ಕಪ್ಪಿ ಜಿಗಸೂದು ನೀವ ಕಲಿಸಿದ್ರಂತಲ್ರಿ ಸಾಲ್ಯಾಗ?"

ಕಳೆದ ವರ್ಷ ದೀಪಾವಳಿ ಸೂಟಿ ಮುಗಿದು ಶಾಲೆ ಶುರುವಾದ ವಾರ. ಪ್ರಾರ್ಥನೆ ಮುಗಿಸಿ ಹಾಜರಿ ಪುಸ್ತಕ ತೆಗೆಯುತ್ತಿದ್ದೆ. ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಬಾಗಿಲಲ್ಲಿ ನಿಂತು ಹೀಗೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ಉತ್ತರ ಹುಡುಕುತ್ತಿದ್ದೆ. ಕಲಿಸಿದ್ದು ನಿಜ, ಹೌದೆಂದೆ. ಅವರು ಯಾಕೆ ಕೇಳಿದರು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾನು ಕಲಿಸಿದ್ದೇನು, ಯಾಕೆ ಕಲಿಸಿದೆ ಎನ್ನುವುದನ್ನು ಓದುಗರ ಮುಂದೆ ಇಡಬೇಕು.

ನಮ್ಮ ಸಂಶಿ ಎರಿ ಭೂಮಿಯ ಊರು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲು ಕುಂದಗೋಳ ದಾಟಿದರೆ ಸಿಗುವ ಸಣ್ಣ ಸ್ಟೇಷನ್ನು. ಹೊಳೆ ಇಲ್ಲ, ಸಮುದ್ರವಂತೂ ದೂರದ ಮಾತು. ನಾವು ಹುಡುಗರಿದ್ದಾಗ ನೀರು ಎಂದರೆ ಕೆರೆ, ಕೆರೆ ಎಂದರೆ ಆಟ. ಒಡೆದ ಗಡಿಗೆಯ ಚೂರು, ಹಂಚಿನ ಚೂರು, ಚಪ್ಪಟೆ ಕಲ್ಲು, ಏನು ಸಿಕ್ಕರೂ ಚಡ್ಡಿಯ ಕಿಸೆಗೆ ಇಳಿಯುತ್ತಿತ್ತು. ಕಿಸೆ ಹರಿದದ್ದಕ್ಕೆ ಅವ್ವನ ಕೈಯಲ್ಲಿ ಪೆಟ್ಟು ಬೇರೆ. ದಂಡೆಯಲ್ಲಿ ಬಗ್ಗಿ ನಿಂತು ಚೂರನ್ನು ನೀರಿಗೆ ಸಮನಾಗಿ ಬೀಸಿ ಒಗೆದರೆ ಅದು ಮುಳುಗದೆ ಕಪ್ಪೆಯ ಹಾಗೆ ಜಿಗಿಯುತ್ತ ಹೋಗುವುದು. ನಾಲ್ಕು, ಐದು, ಒಮ್ಮೊಮ್ಮೆ ಏಳು. ನಮ್ಮ ದೊಡ್ಡಪ್ಪನ ಮಗ ಅಣ್ಣನೊಬ್ಬನಿದ್ದ. ಅವನದು ಎಂದೂ ಹತ್ತಕ್ಕೆ ಕಡಿಮೆ ಇಲ್ಲ. ನಾನು ಆತುರಗಾರ. ಒಂದು ಮುಳುಗುವುದರೊಳಗೆ ಇನ್ನೊಂದನ್ನು ಒಗೆಯುತ್ತಿದ್ದೆ. ಅಣ್ಣ ನನ್ನ ರಟ್ಟೆ ಹಿಡಿದು, "ತಡೀಲೇ, ತೆರಿ ನಿಂದ್ರಲಿ" ಅನ್ನುತ್ತಿದ್ದ. ನೀರು ಮತ್ತೆ ಕನ್ನಡಿಯಾಗುವ ತನಕ ಅವನ ಕೈಯಿಂದ ಕಲ್ಲು ಬಿಡುತ್ತಿರಲಿಲ್ಲ. ಅಲೆ ಎದ್ದ ನೀರಿಗೆ ಬಿದ್ದ ಚೂರು ಅಲೆಯ ಬೆನ್ನಿಗೆ ಡಿಕ್ಕಿ ಹೊಡೆದು ಒಂದೋ ಮುಳುಗುತ್ತದೆ, ಇಲ್ಲವೇ ಸೊಟ್ಟಕ್ಕೆ ಆಕಾಶಕ್ಕೆ ಹಾರುತ್ತದೆ. ಇದು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಹೈಸ್ಕೂಲಿಗೆ ಬಂದಾಗ ನಮ್ಮ ವಿಜ್ಞಾನದ ಗುರುಗಳ ಟ್ರಂಕಿನಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಮಾಸಪತ್ರಿಕೆ ಕಂಡೆ. ಒಳಗೊಂದು ಚಿತ್ರ: ಚೂಪು ಮೂತಿಯ, ಎರಡು ಪಕ್ಕೆ ಉಬ್ಬಿದ ವಾಹನವೊಂದು ನೀರಿನ ಮೇಲೆ ಹಾರುತ್ತಿದೆ. ಹಿಂದೆ ಎರಡಂತಸ್ತಿನ ಮನೆಯನ್ನೂ ಮೀರುವಂಥ ನೀರಿನ ಬಾಲ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ. ವಿಮಾನವೆಂದುಕೊಂಡೆ. "ಅದು ದೋಣೀಪಾ, ಹೈಡ್ರೋಪ್ಲೇನ್ ಅಂತಾರ" ಎಂದರು ಗುರುಗಳು. "ಹಂಗಾರ ಇದು ನೀರಾಗ ಐತ್ರೀ, ಗಾಳ್ಯಾಗ ಐತ್ರೀ?" ಎಂದು ಕೇಳಿದೆ. ಅವರು ನಕ್ಕು, "ಎರಡರಾಗೂ ಐತಿ, ಎರಡರಾಗೂ ಇಲ್ಲ. ನೀ ಒಗಿಯೋ ಹಂಚಿನ ಚೂರಿನಂಗ" ಎಂದರು. ಆ ಒಂದು ಮಾತಿನಿಂದ ನಾನು ವಿಜ್ಞಾನ ಶಿಕ್ಷಕನಾದೆ ಎಂದರೆ ಸ್ವಲ್ಪ ಹೆಚ್ಚಾದೀತು. ಆದರೆ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಸೀಳಿದಂತೆ ಮುಂದೆ ಒಂದು ಅಲೆ ಏಳುತ್ತದೆ. ದೋಣಿಯ ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತ ಹೋಗಿ, ಅಲೆಯ ಉದ್ದವೂ ದೋಣಿಯ ಉದ್ದವೂ ಒಂದಾಗುವ ಹೊತ್ತಿಗೆ ದೋಣಿ ತಾನೇ ಎಬ್ಬಿಸಿದ ದಿನ್ನೆಯನ್ನು ತಾನೇ ಏರಬೇಕಾದ ಫಜೀತಿಗೆ ಸಿಕ್ಕಿಕೊಳ್ಳುತ್ತದೆ. ಐದು ಮೀಟರ್ ಉದ್ದದ ದೋಣಿಗೆ ಈ ಗಡಿ ತಾಸಿಗೆ ಸುಮಾರು 10 ಕಿಲೋಮೀಟರ್. ನಮ್ಮೂರಿನ ಸೈಕಲ್ ಸವಾರನೂ ಅದನ್ನು ಹಿಂದೆ ಹಾಕುತ್ತಾನೆ. ಇದರಾಚೆ ಹೋಗಬೇಕೆಂದರೆ ಒಂದು ದಾರಿ: ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೇರಿ ಜಾರಬೇಕು. ತಳ ಚಪ್ಪಟೆಯಾಗಿ, ಮೂತಿ ತುಸು ಎತ್ತಿ, ಸಾಕಷ್ಟು ಬಲದಿಂದ ನುಗ್ಗಿದರೆ ನೀರೇ ದೋಣಿಯನ್ನು ಮೇಲಕ್ಕೆ ಒದೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಂಗೈಯಿಂದ ಕೆರೆಯ ನೀರಿಗೆ ಜೋರಾಗಿ ಬಡಿದವರಿಗೆ ಅದು ಎಷ್ಟು ಗಟ್ಟಿ ಎಂಬುದು ಗೊತ್ತಿದೆ.

ಈ ವಿದ್ಯೆಯ ಸುವರ್ಣಯುಗ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಮೂವತ್ತು ವರ್ಷ. ಯುದ್ಧವಿಮಾನಗಳಿಗೆಂದು ಮಾಡಿದ ಹನ್ನೆರಡು ಸಿಲಿಂಡರಿನ ಆಲಿಸನ್, ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್‌ಗಳು ಕೆಲಸವಿಲ್ಲದೆ ಅಮೆರಿಕದ ಗೋದಾಮುಗಳಲ್ಲಿ ಬಿದ್ದಿದ್ದವು. ಅವು ಅಗ್ಗಕ್ಕೆ ಸಿಕ್ಕವು. ಕೈಕೆಲಸ ಬಲ್ಲವರು ಅವನ್ನು ಮರದ ದೋಣಿಗಳಿಗೆ ಕೂಡಿಸಿದರು. 1950ರ ಜೂನ್‌ನಲ್ಲಿ ಸಿಯಾಟಲ್ ಪಟ್ಟಣದ ವಾಷಿಂಗ್ಟನ್ ಸರೋವರದಲ್ಲಿ 'ಸ್ಲೋ ಮೋ ಶನ್ 4' ಎಂಬ ದೋಣಿ ತಾಸಿಗೆ 258 ಕಿಲೋಮೀಟರ್ ವೇಗದಲ್ಲಿ ಓಡಿತು. ನಿಧಾನ ಎಂಬ ಅರ್ಥದ ಹೆಸರನ್ನು ಅಷ್ಟು ವೇಗದ ದೋಣಿಗೆ ಇಟ್ಟ ತಮಾಷೆಯನ್ನು ನೋಡಿ. ಅದರ ವಿನ್ಯಾಸ ಟೆಡ್ ಜೋನ್ಸ್ ಎಂಬಾತನದು. ಓಡುವಾಗ ನೀರಿಗೆ ತಾಗುತ್ತಿದ್ದುದು ಮೂರೇ ಜಾಗ: ಮುಂದಿನ ಎರಡು ಉಬ್ಬು ಪಕ್ಕೆಗಳು, ಹಿಂದೆ ಅರ್ಧ ಮುಳುಗಿದ ಪ್ರೊಪೆಲರ್. ಉಳಿದ ಮೈಯೆಲ್ಲ ಗಾಳಿಯಲ್ಲಿ. ಅರ್ಧ ಮೇಲಿದ್ದ ಆ ಪ್ರೊಪೆಲರ್ ಎರಚುತ್ತಿದ್ದ ನೀರೇ ನಾನು ಚಿತ್ರದಲ್ಲಿ ಕಂಡ ಬಾಲ. ಅದೇ ವರ್ಷ ಈ ದೋಣಿ ಡೆಟ್ರಾಯಿಟ್‌ನಲ್ಲಿ ಗೋಲ್ಡ್ ಕಪ್ ಗೆದ್ದಿತು. ಗೆದ್ದವರ ಊರಿನಲ್ಲೇ ಮುಂದಿನ ಪಂದ್ಯ ಎಂಬ ರಿವಾಜಿನಂತೆ 1951ರಲ್ಲಿ ಪಂದ್ಯ ಸಿಯಾಟಲ್‌ಗೆ ಬಂತು. ಊರಿಗೆ ಊರೇ ಹುಚ್ಚಾಯಿತು. ಅಲ್ಲಿಯ ಹುಡುಗರು ಹಲಗೆ ತುಂಡಿನಲ್ಲಿ ಸಣ್ಣ ಹೈಡ್ರೋಪ್ಲೇನ್ ಕೆತ್ತಿ, ಬಣ್ಣ ಬಳಿದು, ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟಿ ಓಣಿ ಓಣಿ ಎಳೆದುಕೊಂಡು ತಿರುಗುತ್ತಿದ್ದರಂತೆ. ನಾವು ಬಂಡಿಹಬ್ಬಕ್ಕೂ ಕಾಯದೆ ಜೋಳದ ದಂಟಿನ ಬಂಡಿ ಮಾಡಿ ಎಳೆದದ್ದಕ್ಕೂ ಅದಕ್ಕೂ ನನಗೇನೂ ಅಂತರ ಕಾಣುವುದಿಲ್ಲ.

ಈ ಕಾಲದ ಕತೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಮ್ಯಾಡಿಸನ್ ಊರಿನದು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಓಹಾಯೋ ನದಿಯ ದಂಡೆಯ ಸಣ್ಣ ಊರು. ಉಳಿದ ದೋಣಿಗಳಿಗೆ ಕಂಪನಿಗಳು, ಸಾಹುಕಾರರು ಒಡೆಯರು. 'ಮಿಸ್ ಮ್ಯಾಡಿಸನ್' ದೋಣಿಗೆ ಊರೇ ಒಡೆಯ. ಅದೂ ಬೇರೆಯವರು ಓಡಿಸಿ ಬಿಟ್ಟ ಹಳೆಯ ದೋಣಿ. 1971ರ ಜುಲೈ 4ರಂದು ಗೋಲ್ಡ್ ಕಪ್ ಪಂದ್ಯ ಅವರ ಊರಿನಲ್ಲೇ ನಡೆಯಿತು. ಜಿಮ್ ಮೆಕಾರ್ಮಿಕ್ ಎಂಬ ಚಾಲಕ, ದುಡ್ಡಿನ ತಂಡಗಳ ಹೊಸ ದೋಣಿಗಳನ್ನೆಲ್ಲ ಹಿಂದೆ ಹಾಕಿ, ಹನ್ನೊಂದು ವರ್ಷ ಹಳೆಯದಾದ ಆ ಊರದೋಣಿಯನ್ನು ಗೆಲ್ಲಿಸಿಬಿಟ್ಟ. ತೇರಿಗೆ ಎಲ್ಲರೂ ಕೈ ಹಚ್ಚುವುದನ್ನು ಕಂಡ ನಮ್ಮಂಥವರಿಗೆ ಅಂದು ಆ ದಂಡೆಯ ಮೇಲೆ ಏನಾಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

1980ರ ದಶಕದಲ್ಲಿ ಹೆಲಿಕಾಪ್ಟರಿನ ಟರ್ಬೈನ್ ಎಂಜಿನ್‌ಗಳು ಬಂದವು. ಹಗುರ, ಬಲ ಹೆಚ್ಚು, ಕೆಡುವುದು ಕಡಿಮೆ. ಹಳಬರು ಮಾತ್ರ ಇಂದಿಗೂ ಹಳೆಯ ಎಂಜಿನ್ನಿನ ಗುಡುಗಿಗೆ ಹಂಬಲಿಸುತ್ತಾರೆ. ಅಂಥ ದೋಣಿಗಳನ್ನು ರಿಪೇರಿ ಮಾಡಿ ಮತ್ತೆ ನೀರಿಗಿಳಿಸುವ ವಸ್ತುಸಂಗ್ರಹಾಲಯವೇ ಸಿಯಾಟಲ್ ಬಳಿಯ ಕೆಂಟ್ ಎಂಬಲ್ಲಿದೆ. ಹಂಬಲಿಸಲಿ, ತಪ್ಪಿಲ್ಲ. ಆದರೆ ಆ ಕಾಲದಲ್ಲಿ ಚಾಲಕ ತೆರೆದ ಗೂಡಿನಲ್ಲಿ ಕೂರುತ್ತಿದ್ದ, ದೋಣಿ ಮಗುಚಿದರೆ ಬದುಕುವುದು ಅಪರೂಪವಾಗಿತ್ತು ಎನ್ನುವುದನ್ನೂ ನೆನೆಯಬೇಕು. ಬಿಲ್ ಮನ್ಸಿ ಎಂಬ ದೊಡ್ಡ ಆಟಗಾರ 1981ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಹಾಗೆ ಸತ್ತ. ಮರುವರ್ಷ ಡೀನ್ ಚೆನೊವೆತ್ ಸತ್ತ. ಆಮೇಲೆ ಯುದ್ಧವಿಮಾನದ ಗಟ್ಟಿ ಗಾಜಿನ ಮುಚ್ಚಳವನ್ನು ದೋಣಿಗೆ ಕೂಡಿಸಿದರು. ಸಾವು ಕಡಿಮೆಯಾಯಿತು. ಸುವರ್ಣಯುಗ ಎನ್ನುವವರು ಈ ಲೆಕ್ಕವನ್ನು ಬಿಡಬಾರದು.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಇದೆಯೇ ಎಂದು ಮಕ್ಕಳು ಕೇಳುತ್ತಾರೆ. ಇದೆ. ಎಂಜಿನ್ ಇಲ್ಲದ್ದು. ಕೆಲವು ವರ್ಷಗಳ ಹಿಂದೆ ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳದಿಂದ ಮೂಡುಬಿದಿರೆಗೆ ಬಂದೆವು. ಸಾವಿರ ಕಂಬದ ಬಸದಿ ನೋಡುವುದಷ್ಟೇ ಕಾರ್ಯಕ್ರಮ. ಅಂದು ಕಡಲಕೆರೆಯಲ್ಲಿ ಕಂಬಳ ನಡೆಯುತ್ತಿತ್ತು. ಮಕ್ಕಳು ಬಸ್ಸು ಹತ್ತಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನಾವು ಕೆರೆ ಎನ್ನುವುದಕ್ಕೂ ಅವರು ಕೋಣ ಓಡುವ ಕೆಸರಿನ ಓಣಿಗೆ 'ಕರೆ' ಎನ್ನುವುದಕ್ಕೂ ನಂಟಿದೆಯೋ ಏನೋ ಎಂದು ನಮ್ಮ ಕನ್ನಡ ಮಾಸ್ತರರು ದಾರಿಯುದ್ದಕ್ಕೂ ತಲೆ ಕೆರೆದುಕೊಂಡರು. ಎರಡು ಕರೆ ಅಕ್ಕಪಕ್ಕ ಇದ್ದರೆ ಜೋಡುಕರೆ. ಹಗ್ಗ, ನೇಗಿಲು, ಅಡ್ಡಹಲಗೆ ಎಂದು ಹಲವು ವಿಭಾಗ. ಇವೆಲ್ಲ ಯಾರು ಮೊದಲು ಮಂಜೊಟ್ಟಿ ಮುಟ್ಟಿದರು ಎಂಬ ಲೆಕ್ಕದವು.

ಆದರೆ ಕನೆಹಲಗೆ ಎಂಬ ಒಂದು ವಿಭಾಗವಿದೆ. ಅಲ್ಲಿ ಬಹುಮಾನ ಓಟಕ್ಕಲ್ಲ, ನೀರಿಗೆ. ಕೋಣಗಳ ಹಿಂದೆ ತೂತುಗಳಿರುವ ಸಣ್ಣದೊಂದು ಮರದ ಹಲಗೆ. ಅದರ ಮೇಲೆ ಕಾಲೂರಿ ಓಡಿಸುವಾತ ಹೋಗುತ್ತಾನೆ. ಹಲಗೆ ಕೆಸರುನೀರಿನ ಮೇಲೆ ಜಾರುವಾಗ ತೂತುಗಳಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ. ಅದು ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ. ನೀರು ನಿಶಾನೆಗೆ ತಾಗಿದರೆ ಗೆದ್ದಂತೆ. ನಾನು ಮಕ್ಕಳ ನಡುವೆ ನಿಂತು ನೋಡುತ್ತಿದ್ದವನು ಒಮ್ಮೆಲೇ ಹರಿದ ರಟ್ಟಿನ ಆ ಮಾಸಪತ್ರಿಕೆಯನ್ನು ನೆನೆದೆ. ನೀರಿನ ಮೇಲೆ ಜಾರುವ ಹಲಗೆ, ಹಿಂದೆ ನೀರಿನ ಬಾಲ. ಸಿಯಾಟಲ್ ಎಲ್ಲಿಯದು, ಮೂಡುಬಿದಿರೆ ಎಲ್ಲಿಯದು!

ಊರಿಗೆ ಮರಳಿದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಇದನ್ನೇ ಲೆಕ್ಕ ಮಾಡಿದೆವು. ಹಲಗೆಯ ವೇಗ ಸೆಕೆಂಡಿಗೆ v ಮೀಟರ್ ಇದ್ದರೆ, ತೂತಿನಿಂದ ಚಿಮ್ಮುವ ನೀರು ಹೆಚ್ಚೆಂದರೆ ಅಷ್ಟೇ ವೇಗದಲ್ಲಿ ಮೇಲೇಳಬಲ್ಲದು. ಹಾಗಿದ್ದರೆ ಅದು ಏರುವ ಎತ್ತರ v ವರ್ಗವನ್ನು 2gಯಿಂದ ಭಾಗಿಸಿದಷ್ಟು. ಮಕ್ಕಳು ಈ ಸೂತ್ರವನ್ನು ಮೇಲಕ್ಕೆ ಎಸೆದ ಚೆಂಡಿನ ಪಾಠದಲ್ಲಿ ಬಾಯಿಪಾಠ ಮಾಡಿದ್ದರು, ನೀರಿನಲ್ಲಿ ಕಂಡಿರಲಿಲ್ಲ. ವೇಗ 8 ಮೀಟರ್ ಇದ್ದರೆ ಎತ್ತರ ಸುಮಾರು ಮೂರೂಕಾಲು ಮೀಟರ್. ವೇಗ 10 ಆದರೆ ಎತ್ತರ ಐದು ಮೀಟರ್ ದಾಟುತ್ತದೆ. ವೇಗ ಕಾಲುಪಾಲು ಹೆಚ್ಚಿದರೆ ಎತ್ತರ ಅರ್ಧಕ್ಕಿಂತ ಹೆಚ್ಚು ಏರಿತು. ತೂತಿನ ಅಂಚು, ಗಾಳಿ, ಕೆಸರು ತಮ್ಮ ಪಾಲನ್ನು ಕತ್ತರಿಸಿಕೊಳ್ಳುತ್ತವೆ, ಆ ಮಾತು ಬೇರೆ. ಕೋಣಗಳ ವೇಗ ಎಷ್ಟು ಎಂದು ಕೇಳುವವರಿಗೆ: 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಭಾಗಿಸಿ ನೋಡಿ, ಸೆಕೆಂಡಿಗೆ ಹತ್ತೂವರೆ ಮೀಟರಿನ ಹತ್ತಿರ. ಅದು ಹಗುರ ಓಟ. ಹಲಗೆ ಹಿಂದಿದ್ದರೆ ವೇಗ ಸ್ವಲ್ಪ ತಗ್ಗೀತು.

ಕೋಣಗಳ ನೋವಿನ ಪ್ರಶ್ನೆಯನ್ನೂ ಮಕ್ಕಳು ಎತ್ತಿದರು. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ತೊಡಕಾಗಿ, 2017ರಲ್ಲಿ ರಾಜ್ಯ ಕಾನೂನು ತಿದ್ದಿ, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಕಂಬಳ ಉಳಿಯಲಿ, ಬೆತ್ತ ಬೇಡ.

ಇನ್ನು ಕಪ್ಪೆ ಜಿಗಿಸುವ ವಿಷಯ. ಅದೂ ಬರೀ ಆಟವಲ್ಲ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫ್ರಾನ್ಸಿನ ಕ್ಲಾನೆ, ಹೆರ್ಸೆನ್, ಬೋಕೆ ಎಂಬ ವಿಜ್ಞಾನಿಗಳು ಇದರ ಬಗ್ಗೆ ಬರೆದರು. ಅಲ್ಯೂಮಿನಿಯಂ ಬಿಲ್ಲೆಗಳನ್ನು ಯಂತ್ರದಿಂದ ನೀರಿಗೆ ಎಸೆದು, ಬಿಲ್ಲೆ ನೀರಿಗೆ ತಾಗುವಾಗ ಅದರ ಮೈ ನೀರಿನೊಡನೆ ಸುಮಾರು 20 ಡಿಗ್ರಿ ಕೋನದಲ್ಲಿದ್ದರೆ ಜಿಗಿತ ಚೆನ್ನಾಗಿ ಬರುತ್ತದೆಂದು ತೋರಿಸಿದರು. ಬೋಕೆಗೆ ಈ ಗೀಳು ಹತ್ತಿದ್ದು ಮಗ ಕೇಳಿದ ಪ್ರಶ್ನೆಯಿಂದ. ಬಿಲ್ಲೆ ಬುಗುರಿಯಂತೆ ತಿರುಗುತ್ತಿರಬೇಕು, ಇಲ್ಲವಾದರೆ ಕೋನ ಕೆಡುತ್ತದೆ. ಅಮೆರಿಕದ ಕರ್ಟ್ ಸ್ಟೈನರ್ 2013ರಲ್ಲಿ ಒಂದೇ ಕಲ್ಲನ್ನು 88 ಸಲ ಜಿಗಿಸಿದ. ನಮ್ಮಣ್ಣ ಇದನ್ನು ಕೇಳಿದ್ದರೆ, "ಅವನೂರ ಕೆರಿ ದೊಡ್ಡದಿರಬೇಕು" ಎನ್ನುತ್ತಿದ್ದ.

ಇಷ್ಟನ್ನೂ ನಾನು ಕಲಿಸಿದೆ. ಹಲಗೆಯ ಮೇಲೆ ಕೋನ ಬರೆದೆ. ರಟ್ಟಿನ ಬಿಲ್ಲೆ ಕತ್ತರಿಸಿ ಹೇಗೆ ಹಿಡಿಯಬೇಕೆಂದು ತೋರಿಸಿದೆ. ಸೂಟಿಯಲ್ಲಿ ಮಾಡಿ ನೋಡಿ, ಎಷ್ಟು ಜಿಗಿತ ಬಂತೆಂದು ಬರೆದುಕೊಂಡು ಬನ್ನಿ ಎಂದೆ. ಎಲ್ಲಿ ಮಾಡಬೇಕೆಂದು ಹೇಳಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ನನ್ನ ಬಾಲ್ಯದ ಕೆರೆ: ಇಳಿಜಾರು ದಂಡೆ, ದನ ಮೈ ತೊಳೆಯುವವರು, ಬಟ್ಟೆ ಒಗೆಯುವವರು, ಹತ್ತು ಜೋಡಿ ಕಣ್ಣು. ಈಗಿನ ಮಕ್ಕಳ ನೀರು ಅದಲ್ಲ. ನಮ್ಮ ಕಡೆ ಕುಡಿಯುವ ನೀರಿನ ಕೆರೆಗಳಿಗೆ ಬೇಲಿ ಬಂದಿದೆ, ಅದು ಸರಿಯೂ ಹೌದು. ಮಕ್ಕಳಿಗೆ ಹತ್ತಿರದ ನೀರು ಹೊಲದ ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಊರೂರಿಗೆ ಹೊಂಡಗಳಾದವು. ಮಳೆ ಕೈಕೊಟ್ಟಾಗ ಮೆಣಸಿನ ಗಿಡ ಉಳಿಸಿದ್ದು ಅವೇ, ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ಹೊಂಡಕ್ಕೆ ದಂಡೆ ಎಂಬುದಿಲ್ಲ. ನಾಲ್ಕೂ ಕಡೆ ಕಡಿದಾದ ಗೋಡೆ, ಮೂರು ಮೀಟರ್ ಆಳ, ಸುತ್ತ ಯಾರೂ ಇಲ್ಲ. ಎರಿ ಮಣ್ಣು ಒಣಗಿದರೆ ಕಲ್ಲು, ತೊಯ್ದರೆ ಸಾಬೂನು. ಈಜು ಬಂದವನೂ ಹೊಂಡದಿಂದ ಮೇಲೆ ಹತ್ತಲಾರ. ತೇಲಬಲ್ಲ, ಗೋಡೆಗೆ ಕೈ ಹಚ್ಚಬಲ್ಲ, ಹಚ್ಚಿದಷ್ಟೂ ಮಣ್ಣು ಜಾರಿ ಬರುತ್ತದೆ. ಘರ್ಷಣೆ ಇಲ್ಲದಿದ್ದರೆ ಏನಾಗುತ್ತದೆಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಉತ್ತರ ಬರೆಯುತ್ತಾರೆ.

ಇಬ್ಬರು ಹುಡುಗರು ಕಿಸೆ ತುಂಬ ಹಂಚಿನ ಚೂರು ತುಂಬಿಕೊಂಡು ಒಂದು ಹೊಲದ ಹೊಂಡಕ್ಕೆ ಹೋಗಿದ್ದಾರೆ. ನೋಟ್‌ಬುಕ್ಕನ್ನೂ ಒಯ್ದಿದ್ದರು. ನೀರಿಗೆ ಸಮನಾಗಿ ಒಗೆಯಬೇಕೆಂದು ನಾನೇ ಹೇಳಿದ್ದೆನಲ್ಲ, ಒಬ್ಬ ಅಂಚಿನಿಂದ ಕೆಳಗಿಳಿದು ಬಗ್ಗಿ ನಿಂತಿದ್ದಾನೆ. ಮೂರನೆಯ ಚೂರಿಗೆ ಕಾಲು ಜಾರಿತು. ಮೇಲಿದ್ದವನು ಹಿಂದೆ ಜಿಗಿಯಲು ಹೊರಟಿದ್ದನಂತೆ. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಒಬ್ಬ ತಾಯಿ ಕೂಗು ಕೇಳಿ ಓಡಿ ಬಂದು, ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದು, ಚಕ್ಕಡಿಯಲ್ಲಿದ್ದ ಮಿಣಿಯನ್ನು ನೀರಿಗೆ ಒಗೆದರು. ತುದಿಗೆ ಗಂಟು ಇತ್ತು, ಹುಡುಗನ ಕೈಗೆ ಸಿಕ್ಕಿತು. ಇನ್ನಿಬ್ಬರು ಬಂದು ಕೂಡಿ ಎಳೆದರು. ಇಷ್ಟೇ. ಎರಡು ದಿನ ಜ್ವರ ಬಂದು ಹೋಯಿತು. ನೋಟ್‌ಬುಕ್ಕು ದಂಡೆಯ ಮೇಲೇ ಇತ್ತು. ಅದರಲ್ಲಿ ಮೊದಲನೆಯದು ಎರಡು, ಎರಡನೆಯದು ನಾಲ್ಕು ಎಂದು ಬರೆದಿತ್ತು. ತಂದೆ ಅಂದು ಬಾಗಿಲಲ್ಲಿ ನಿಂತಾಗ ಅವರ ಕೈಯಲ್ಲಿದ್ದುದು ಅದೇ ನೋಟ್‌ಬುಕ್ಕು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಡೊನಾಲ್ಡ್ ಕ್ಯಾಂಪ್‌ಬೆಲ್‌ನ ಬಗ್ಗೆ ಯೋಚಿಸಿದೆ. ಈತ ಇಂಗ್ಲೆಂಡಿನವನು. 'ಬ್ಲೂಬರ್ಡ್ ಕೆ7' ಎಂಬ ಜೆಟ್ ಎಂಜಿನ್ನಿನ ಹೈಡ್ರೋಪ್ಲೇನ್‌ನಲ್ಲಿ 1955ರಿಂದ 1964ರ ತನಕ ಏಳು ಸಲ ಜಲವೇಗದ ವಿಶ್ವದಾಖಲೆ ಮುರಿದವನು. ಕೊನೆಯದು ತಾಸಿಗೆ 444 ಕಿಲೋಮೀಟರ್. 1967ರ ಜನವರಿ 4ರ ಬೆಳಿಗ್ಗೆ ಕೋನಿಸ್ಟನ್ ಸರೋವರದಲ್ಲಿ ಮತ್ತೆ ಹೊರಟ. ದಾಖಲೆಗೆ ಹೋಗುವುದೊಂದು, ಬರುವುದೊಂದು, ಎರಡು ಓಟ ಬೇಕು. ಹೋಗುವಾಗ 479 ಕಿಲೋಮೀಟರ್ ವೇಗ ಸಿಕ್ಕಿತು. ಎಂದಿನಂತೆ ಆ ತುದಿಯಲ್ಲಿ ನಿಂತು ಇಂಧನ ತುಂಬಿಕೊಂಡಿದ್ದರೆ ಅಷ್ಟರಲ್ಲಿ ನೀರು ಶಾಂತವಾಗುತ್ತಿತ್ತು. ಅಂದು ಆತ ನಿಲ್ಲಲಿಲ್ಲ, ಕೂಡಲೇ ತಿರುಗಿಸಿದ. ಇನ್ನೂ ಹೆಚ್ಚಿನ ವೇಗದಲ್ಲಿ ಬರುತ್ತಿದ್ದಾಗ ಮೂತಿ ಮೇಲೆದ್ದು, ಕೆಳಗೆ ಗಾಳಿ ಹೊಕ್ಕು, ದೋಣಿ ಲಾಗ ಹಾಕಿ ನೀರಿಗೆ ಬಡಿಯಿತು. ಕಾರಣಗಳ ಬಗ್ಗೆ ಇಂದಿಗೂ ವಾದವಿದೆ. ಆದರೆ ತಾನೇ ಎಬ್ಬಿಸಿದ ಅಲೆಗೆ ತಾನೇ ಎದುರಾದ ಎಂಬುದು ಅವುಗಳಲ್ಲೊಂದು. ಆತನ ಅದೃಷ್ಟದ ಆಟಿಕೆ ಕರಡಿಯೊಂದು ತೇಲುತ್ತ ಸಿಕ್ಕಿತು. ದೋಣಿಯನ್ನೂ ಆತನ ದೇಹವನ್ನೂ ಮೇಲೆತ್ತಿದ್ದು 2001ರಲ್ಲಿ, ಮೂವತ್ನಾಲ್ಕು ವರ್ಷದ ಮೇಲೆ. ದುರಸ್ತಿಯಾದ ಬ್ಲೂಬರ್ಡ್ 2024ರಿಂದ ಅದೇ ಊರಿನ ರಸ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ.

ಕ್ಯಾಂಪ್‌ಬೆಲ್ ಒಬ್ಬನೇ ಅವಸರ ಮಾಡಿದವನಲ್ಲ. ನಾನು ಮಕ್ಕಳಿಗೆ ಕೋನ ಹೇಳಿದೆ, ಬಿಲ್ಲೆ ಹಿಡಿಯುವ ರೀತಿ ಹೇಳಿದೆ. ಅಣ್ಣನ ಆ ಒಂದು ಮಾತನ್ನು ಹೇಳಲು ಪಾಠದ ಅವಧಿ ಸಾಲಲಿಲ್ಲ, ಗಂಟೆ ಹೊಡೆಯಿತು.

ಹಾಗಂತ ನೀರಿನ ಹತ್ತಿರ ಹೋಗಬೇಡಿ ಎಂದು ಹಲಗೆಯ ಮೇಲೆ ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ತಾಸಿಗೆ 511 ಕಿಲೋಮೀಟರಿನ ಈಗಿನ ವಿಶ್ವದಾಖಲೆ 1978ರದು. ಅದನ್ನು ಮಾಡಿದ ಆಸ್ಟ್ರೇಲಿಯಾದ ಕೆನ್ ವಾರ್ಬಿ ತನ್ನ ಮನೆಯ ಹಿತ್ತಲಲ್ಲಿ ದೋಣಿ ಕಟ್ಟಿದವನು. ಹರಾಜಿನಲ್ಲಿ ಕೊಂಡ ಹಳೆಯ ಜೆಟ್ ಎಂಜಿನ್ ಕೂಡಿಸಿ, ದಾಖಲೆ ಮಾಡಿಯೂ ಉಳಿದು, 2023ರಲ್ಲಿ ವಯಸ್ಸಾಗಿ ತೀರಿಕೊಂಡ. ಹುಡುಗರ ಕೈಯ ಚೂರನ್ನು ಕಿತ್ತುಕೊಂಡರೆ ಹಿತ್ತಲಲ್ಲಿ ಏನೂ ಹುಟ್ಟುವುದಿಲ್ಲ.

ಆದ್ದರಿಂದ ಆ ತಂದೆಯನ್ನೇ ಕರೆದುಕೊಂಡು ಒಂದು ಭಾನುವಾರ ಹೊರಟೆ. ನಮ್ಮ ಸುತ್ತಿನ ಹನ್ನೊಂದು ಹೊಂಡ ನೋಡಿದೆವು. ಬೇಲಿ ಸರಿಯಿದ್ದವು ನಾಲ್ಕು. ಹೊಲದ ಒಡೆಯರು ಒಳ್ಳೆಯವರೇ, ಯಾರೂ ಬೇಡ ಎನ್ನಲಿಲ್ಲ. ಖರ್ಚೂ ಇಲ್ಲ: ದಂಡೆಯಿಂದ ಎರಡು ಮಾರು ದೂರದಲ್ಲಿ ಒಂದು ಗಟ್ಟಿ ಗೂಟ, ಅದಕ್ಕೆ ಕಟ್ಟಿದ ಮಿಣಿ, ಮೊಳಕ್ಕೊಂದು ಗಂಟು, ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು. ಮಿಣಿಯ ಅರ್ಧ ಯಾವಾಗಲೂ ನೀರಿನಲ್ಲೇ ಇರಬೇಕು. ಐದು ಲೀಟರಿನ ಕ್ಯಾನು ಪೂರ್ತಿ ಮುಳುಗಿದಾಗ ಸುಮಾರು ಐದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿರುವ ಮನುಷ್ಯನಿಗೆ ಬಾಯಿ ಮೇಲಿಡಲು ಅಷ್ಟು ಸಾಕಾಗುತ್ತದೆ, ಆರ್ಕಿಮಿಡಿಸ್‌ನ ಪಾಠ ಓದಿದವರು ಲೆಕ್ಕ ಹಾಕಬಹುದು. ಮಕ್ಕಳಿಗೆ ಒಂದೇ ನಿಯಮ: ಯಾರಾದರೂ ಬಿದ್ದರೆ ಹಿಂದೆ ಜಿಗಿಯಬಾರದು, ಒಗೆಯಬೇಕು. ಹಗ್ಗ, ಸೀರೆ, ಪೈಪು, ಏನು ಸಿಕ್ಕರೂ ಸರಿ. ತಂದೆತಾಯಿಗಳು ನಿಮ್ಮ ಹೊಲದ ಹೊಂಡಕ್ಕೆ ಮಿಣಿ ಕಟ್ಟಿದ್ದೀರಾ ಎಂದು ಈ ವಾರ ಒಮ್ಮೆ ನೋಡಿ.

ಹನ್ನೊಂದನೆಯ ಹೊಂಡ ಅದೇ. ಗೂಟ ಬಡಿದು ಮಿಣಿ ಇಳಿಬಿಟ್ಟ ಮೇಲೆ ಹೊತ್ತು ಇಳಿಯುತ್ತಿತ್ತು. ಹುಡುಗನೂ ಜೊತೆಗೆ ಬಂದಿದ್ದ, ಬೇಲಿಯ ಹೊರಗೇ ನಿಂತಿದ್ದ. ತಂದೆ ಬಾಗಿ ಕಾಲ ಬಳಿಯಿದ್ದ ಒಂದು ಹಂಚಿನ ಚೂರು ಎತ್ತಿಕೊಂಡರು. ಮೇಲಿನಿಂದಲೇ, ಒಂದು ಕೈಯಲ್ಲಿ ಮಿಣಿ ಹಿಡಿದು, ಬೀಸಿ ಒಗೆದರು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ಆಚೆ ಗೋಡೆಗೆ ಬಡಿದು ನಿಂತಿತು. ಹುಡುಗ ಓಡಿ ಬಂದು ಅಪ್ಪನ ಸೊಂಟ ಹಿಡಿದುಕೊಂಡು, ತನ್ನ ಕಿಸೆಯಿಂದ ಚೂರೊಂದನ್ನು ತೆಗೆದು ಕೈ ಎತ್ತಿದ.

"ತಡೀಪಾ," ಎಂದರು ತಂದೆ, "ತೆರಿ ನಿಂದ್ರಲಿ."

ನಾವು ಮೂವರೂ ನೀರನ್ನು ನೋಡುತ್ತ ನಿಂತೆವು.